ಕೆಪಾಸಿಟರಾ, ದಪ್ಪ ವೈರಾ, ಎರಡನೇ ಬ್ಯಾಟರಿಯಾ?

ಕಾರಿನ ಸ್ಟೀರಿಯೊದಲ್ಲಿ ಬೇಸ್ ಹೊಡೆದಾಗಲೆಲ್ಲ ಹೆಡ್‌ಲೈಟ್ ಮಂಕಾದರೆ, ತುಮಕೂರಿನ ಬಿ.ಎಚ್. ರಸ್ತೆಗೆ ಹೋಗಿ ಕೆಪಾಸಿಟರ್ (ಕರೆಂಟ್ ಕೂಡಿಟ್ಟು ಥಟ್ಟನೆ ಕೊಡುವ ಸಾಧನ) ಹಾಕಿಸಿಬಿಡೋಣ ಅನಿಸುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ. 1 ಫ್ಯಾರಡ್ ಕೆಪಾಸಿಟರ್ 14.4 ವೋಲ್ಟ್‌ನಿಂದ 12ಕ್ಕೆ ಇಳಿಯುವಷ್ಟರಲ್ಲಿ ಕೊಡುವುದು ಸುಮಾರು 32 ಜೂಲ್ ಮಾತ್ರ. 1000 ವ್ಯಾಟ್ ಎಳೆಯುವ ಆಂಪ್ಲಿಫೈಯರ್ ಅದನ್ನು ಸೆಕೆಂಡಿನ ಮೂವತ್ತರಲ್ಲಿ ಒಂದು ಭಾಗದಲ್ಲೇ ಮುಗಿಸುತ್ತದೆ. ಸಣ್ಣ ಏರಿಳಿತಕ್ಕೆ ಸರಿ, ಅಷ್ಟೇ.

ನನ್ನ ಓಟು ಬ್ಯಾಟರಿಯಿಂದ ಆಂಪ್ಲಿಫೈಯರ್‌ಗೆ ಹೋಗುವ ದಪ್ಪ ತಾಮ್ರದ ವೈರ್‌ಗೆ. ಅರ್ತ್ ವೈರ್ ಕೂಡ ಅಷ್ಟೇ ದಪ್ಪ ಇರಲಿ, ಅದನ್ನು ಕಾರಿನ ಬಾಡಿಯ ಪೇಂಟ್ ಕೆರೆದು ಬರೀ ಲೋಹಕ್ಕೆ ಬಿಗಿಸಿ, ಬ್ಯಾಟರಿ ಹತ್ತಿರವೇ ಫ್ಯೂಸ್ ಹಾಕಿಸಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವೈರ್ ಅಗ್ಗ, ಆದರೆ ರೆಸಿಸ್ಟೆನ್ಸ್ ಜಾಸ್ತಿ.

ಎರಡನೇ ಬ್ಯಾಟರಿ? ದೇವರಾಯನದುರ್ಗದಲ್ಲಿ ಎಂಜಿನ್ ಆಫ್ ಮಾಡಿ ಗಂಟೆಗಟ್ಟಲೆ ಹಾಡು ಕೇಳುವವರಿಗೆ. ಎಂಜಿನ್ ಓಡುವಾಗ ಕರೆಂಟ್ ಕೊಡುವುದು ಆಲ್ಟರ್ನೇಟರ್, ಅಂದರೆ ಎಂಜಿನ್ ತಿರುಗಿಸುವ ಜನರೇಟರ್. ಅದೇ ಸಾಲದಿದ್ದರೆ ದೊಡ್ಡದನ್ನೇ ಹಾಕಿಸಬೇಕು.