‘ಮಿಂಗ್ ಕಾಲದ ಮೂನ್ ಫ್ಲಾಸ್ಕ್’ ಅಂತ ಯಾರಾದರೂ ತೋರಿಸಿದರೆ ಮೊದಲು ಇದನ್ನು ಓದಿ

ಹಾಂಗ್‌ಕಾಂಗ್‌ನ ಹಾಲಿವುಡ್ ರೋಡ್‌ನಲ್ಲಿ ಹಳೇ ಪಿಂಗಾಣಿ ಮಾರುವ ಒಂದು ಅಂಗಡಿಯವನು ನನಗೆ ಟೋಪಿ ಹಾಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಂಗಡಿ ಹೆಸರು ಬೇಡ. ಹೆಸರು ಬದಲಾದರೂ ಕಥೆ ಬದಲಾಗುವುದಿಲ್ಲ, ಆ ಕಥೆಯ ಗುರುತು ಸಿಕ್ಕಿದರೆ ಸಾಕು. ಕೆಲಸದ ಮೇಲೆ ಹೊರದೇಶದಲ್ಲಿರುವ ನಮ್ಮವರು ಅನೇಕರು ಇಂಥ ಅಂಗಡಿ ಹೊಕ್ಕು ಬರುತ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ವಸ್ತು ಏನೆಂದರೆ ನೀಲಿ-ಬಿಳಿ ಪಿಂಗಾಣಿಯ ಚಪ್ಪಟೆ ಕುಪ್ಪಿ, ಇದನ್ನೇ ಮೂನ್ ಫ್ಲಾಸ್ಕ್ ಅನ್ನುವುದು. ಹುಣ್ಣಿಮೆ ಚಂದ್ರನ ಹಾಗೆ ದುಂಡು ಹೊಟ್ಟೆ, ಸಣ್ಣ ಕತ್ತು, ಎರಡು ಕಡೆ ಕಿವಿಯಂಥ ಹಿಡಿ, ಹೊಟ್ಟೆಯ ನಡುವೆ ಎಂಟು ಮೂಲೆಯ ನಕ್ಷತ್ರದ ಚಿತ್ತಾರ. ಚೀನಾದ ಮಿಂಗ್ ವಂಶದ ಯೋಂಗ್ಲೆ ಚಕ್ರವರ್ತಿಯ ಕಾಲದ್ದು, ಅಂದರೆ 1403ರಿಂದ 1424ರೊಳಗಿನದು ಅಂದ. ನಿಜವಾಗಿ ಅದಾಗಿದ್ದರೆ ಹರಾಜಿನಲ್ಲಿ ಕೋಟಿಗಟ್ಟಲೆ ರೂಪಾಯಿ. ಅವನು ಕೇಳಿದ್ದು ನನ್ನ ಕೆಲವು ತಿಂಗಳ ಬಾಡಿಗೆಯಷ್ಟು. ಯಾಕಿಷ್ಟು ಅಗ್ಗ ಅಂತ ಕೇಳಿದರೆ ಉತ್ತರ ಸಿದ್ಧವಾಗಿತ್ತು: ಬಾಯಂಚಿನಲ್ಲಿ ಚೂರು ಚಕ್ಕೆ ಎದ್ದಿದೆ, ದೊಡ್ಡ ಹರಾಜಿನವರು ಮುಟ್ಟುವುದಿಲ್ಲ. ಆ ಚಕ್ಕೆಯನ್ನು ಬೇಕೆಂದೇ ಎಬ್ಬಿಸಿದ್ದು ಅಂತ ಈಗ ನನಗೆ ಅನುಮಾನವೇ ಇಲ್ಲ.

ಅವನು ಹೇಳಿದ ಕಥೆಯನ್ನೂ ಕೇಳಿ. ಅದರಲ್ಲಿ ಹೆಚ್ಚಿನದು ನಿಜ, ಮೋಸ ಅಡಗಿದ್ದೇ ಅಲ್ಲಿ. ಮಿಂಗ್ ಆರಂಭಕಾಲದಲ್ಲಿ ಚೀನಾದ ಪಿಂಗಾಣಿ ಊರು ಜಿಂಗ್‌ದೆಝೆನ್‌ನ ಅರಮನೆ ಆವಿಗೆಗಳು ಪಶ್ಚಿಮ ಏಷ್ಯಾದ ಹಿತ್ತಾಳೆ, ಗಾಜಿನ ಪಾತ್ರೆಗಳ ಆಕಾರಗಳನ್ನು ಪಿಂಗಾಣಿಯಲ್ಲಿ ತೆಗೆದದ್ದು ನಿಜ. ನೀಲಿ ಬಣ್ಣದ ಕೋಬಾಲ್ಟ್ ಅದಿರು ಇರಾನ್ ಕಡೆಯಿಂದ ಬರುತ್ತಿದ್ದದ್ದು ನಿಜ. 1405ರಿಂದ ಚೀನೀ ನೌಕಾಧಿಪತಿ ಜೆಂಗ್ ಹೆಯ ಹಡಗುಗಳು ಕಲ್ಲಿಕೋಟೆಗೂ, ಮುಂದೆ ಹೋರ್ಮುಜ್‌ಗೂ ಹೋಗಿದ್ದವು, ಅದೂ ನಿಜ. ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಚೀನೀ ಪಿಂಗಾಣಿ ಇದೆ. ಇರಾನಿನ ಅರ್ದಬೀಲ್ ದರ್ಗಾಕ್ಕೆ ಷಾ ಅಬ್ಬಾಸ್ 1611ರಲ್ಲಿ ಸಾವಿರಕ್ಕೂ ಮೀರಿ ಕೊಟ್ಟ. ನಮ್ಮ ಹಂಪಿಯ ಉತ್ಖನನದಲ್ಲೂ ಚೀನೀ ಪಿಂಗಾಣಿ ಚೂರುಗಳು ಸಿಕ್ಕಿವೆ. ಕನ್ನಡದವನು ಅಂತ ಗೊತ್ತಾದ ಮೇಲೆ ಅವನು ಅದನ್ನೂ ಸೇರಿಸಿದ, ಪುಣ್ಯಾತ್ಮ.

ಆಮೇಲೆ ಪುಸ್ತಕ ತೆಗೆದು ವಾಷಿಂಗ್ಟನ್‌ನ ಫ್ರಿಯರ್ ಗ್ಯಾಲರಿಯ ಹಿತ್ತಾಳೆ ನೀರಿನ ಕುಪ್ಪಿಯ ಚಿತ್ರ ತೋರಿಸಿದ. 13ನೇ ಶತಮಾನದ್ದು, ಸಿರಿಯಾ ಅಥವಾ ಉತ್ತರ ಇರಾಕಿನ ಕೆಲಸ. ಬೆಳ್ಳಿ ಕೂರಿಸಿದ ಅರಬ್ಬಿ ಬರಹಗಳ ನಡುವೆ ಶಿಶು ಯೇಸುವನ್ನು ಹಿಡಿದ ಮೇರಿ ಕೂತಿದ್ದಾಳೆ. ಅದ್ಭುತ ವಸ್ತು. ಅದರ ಆಕಾರವನ್ನೇ ಹೋಲುವ ಯೋಂಗ್ಲೆ ಕಾಲದ ಪಿಂಗಾಣಿ ಕುಪ್ಪಿಯೂ ಅದೇ ಗ್ಯಾಲರಿಯಲ್ಲಿದೆ. ಒಂದು ಮಗ್ಗುಲು ಉಬ್ಬು, ಇನ್ನೊಂದು ಪೂರ್ತಿ ಚಪ್ಪಟೆ. ಆ ಚಪ್ಪಟೆ ಬೆನ್ನಿಗೆ ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಕೂಡ ಇಲ್ಲ. ಲೋಹದ ಪಾತ್ರೆಗೆ ಹೊಂದುವ ಇಂಥ ಆಕಾರವನ್ನು ಮಣ್ಣಿನಲ್ಲಿ ಮಾಡಿ, ವಾಲದಂತೆ ಬಿರಿಯದಂತೆ ಸುಟ್ಟು ತೆಗೆದಿದ್ದಾರಲ್ಲ, ಅವರಿಗೆ ದೊಡ್ಡ ನಮಸ್ಕಾರ. ಆದರೆ ನನ್ನ ಮುಂದಿದ್ದದ್ದು ಎರಡೂ ಕಡೆ ಉಬ್ಬಿದ, ಹಿಡಿಗಳಿರುವ ಬೇರೆಯೇ ಬಗೆಯ ಕುಪ್ಪಿ. ಆ ಚಿತ್ರಕ್ಕೂ ಇದಕ್ಕೂ ನೇರ ಸಂಬಂಧವೇ ಇಲ್ಲ. ಅಪ್ಪನ ಫೋಟೊ ತೋರಿಸಿ ಬೇರೆ ಯಾರದೋ ಮಗನನ್ನು ಗಂಟು ಹಾಕಿದ.

ಗುಟ್ಟು ರಟ್ಟಾದದ್ದು ಹಳೇ ಪಿಂಗಾಣಿ ರಿಪೇರಿ ಮಾಡುವ ಒಬ್ಬ ಹಿರಿಯ ಹೆಂಗಸಿನ ಮೇಜಿನ ಮೇಲೆ. ಅವರು ಮೊದಲು ನೋಡಿದ್ದು ಕತ್ತಿನ ಕೆಳಗೆ ನೀಲಿಯಲ್ಲಿ ಅಡ್ಡಸಾಲಾಗಿ ಬರೆದಿದ್ದ ಆರು ಅಕ್ಷರ, ‘ಮಹಾ ಮಿಂಗ್ ಯೋಂಗ್ಲೆ ಕಾಲದಲ್ಲಿ ಮಾಡಿದ್ದು’. ಬರೆದವನ ಕೈ ಚೆನ್ನಾಗಿದೆ ಅಂತ ನಕ್ಕರು. ಯೋಂಗ್ಲೆ ಕಾಲದ ನೀಲಿ-ಬಿಳಿಯಲ್ಲಿ ಚಕ್ರವರ್ತಿಯ ಕಾಲ ಬರೆದ ಗುರುತು ಇರುವುದೇ ಅಪರೂಪ. ಹೀಗೆ ಆರು ಅಕ್ಷರ ಬರೆಯುವುದು ಆಮೇಲಿನ ಶ್ವಾಂಡೆ ಚಕ್ರವರ್ತಿಯ (1426–1435) ಕಾಲದ ರೂಢಿ.

ಆಮೇಲೆ ಭೂತಗನ್ನಡಿ. ಇರಾನಿನ ಕೋಬಾಲ್ಟ್‌ನಲ್ಲಿ ಕಬ್ಬಿಣದ ಅಂಶ ಜಾಸ್ತಿ. ಕುಂಚದ ಬಣ್ಣ ದಪ್ಪಗೆ ಬಿದ್ದ ಕಡೆ ಅದು ಬೇಯುವಾಗ ಗ್ಲೇಜ್ ಹಾಯ್ದು ಮೇಲೆ ಬಂದು, ಕಪ್ಪಗೆ, ಹೊಳಪಿಲ್ಲದೆ, ಸಣ್ಣ ತಗ್ಗಾಗಿ ನಿಲ್ಲುತ್ತದೆ. ಎಲ್ಲಿ ಬೀಳುತ್ತದೆ ಅನ್ನುವುದು ಕಲಾವಿದನ ಕೈಯಲ್ಲಿಲ್ಲ. ನನ್ನ ಕುಪ್ಪಿಯಲ್ಲೋ, ಪ್ರತಿ ಎಸಳಿನ ತುದಿಗೂ ಒಂದೇ ಗಾತ್ರದ ಕಪ್ಪು ಚುಕ್ಕೆ, ಇಟ್ಟ ಹಾಗೆ, ಮೇಲೆ ಗ್ಲೇಜ್ ನುಣ್ಣಗೆ. ಚುಕ್ಕೆ ಇಡುವುದು ಹೊಸ ವಿದ್ಯೆಯೇನಲ್ಲ. 18ನೇ ಶತಮಾನದಲ್ಲಿ ಯೋಂಗ್‌ಝೆಂಗ್, ಚಿಯೆನ್‌ಲೊಂಗ್ ಚಕ್ರವರ್ತಿಗಳ ಆವಿಗೆಗಳಲ್ಲೇ ಹಳೆಯದರ ಮೇಲಿನ ಗೌರವಕ್ಕೆ ಹೀಗೆ ಮಾಡುತ್ತಿದ್ದರು. ಅವು ಇಂದು ತಮ್ಮದೇ ಲೆಕ್ಕದಲ್ಲಿ ಬೆಲೆಬಾಳುತ್ತವೆ. ನನ್ನದು ಅದೂ ಅಲ್ಲ. ಹೊಟ್ಟೆಯ ಮೇಲಿನ ಗೀರುಗಳೆಲ್ಲ ಒಂದೇ ದಿಕ್ಕಿಗೆ ಇದ್ದವು, ಉಪ್ಪುಕಾಗದ ಎಳೆದದ್ದು.

‘ಆದರೆ ಲ್ಯಾಬ್ ವರದಿ ಇದೆಯಲ್ಲ?’ ಅಂದೆ. ಅಂಗಡಿಯವನು ಥರ್ಮೋಲುಮಿನೆಸೆನ್ಸ್ ಪರೀಕ್ಷೆಯ ಕಾಗದ ಕೊಟ್ಟಿದ್ದ. ಮಣ್ಣು ಕೊನೆಯ ಸಲ ಯಾವಾಗ ಬೆಂದಿತು ಅನ್ನುವುದನ್ನು ಅದು ಅಂದಾಜಿನಲ್ಲಿ ಹೇಳುತ್ತದೆ, ಮಾದರಿಯನ್ನು ಕುಪ್ಪಿಯ ಪಾದದಿಂದ, ಅಂದರೆ ತಳದ ಅಂಚಿನಿಂದ, ಕೊರೆದು ತೆಗೆದಿದ್ದರು. ರಿಪೇರಿಯ ಹೆಂಗಸು ದೀಪ ಆರಿಸಿ ಅಲ್ಟ್ರಾವಯಲೆಟ್ ಟಾರ್ಚ್ ಹಿಡಿದರು. ಪಾದದ ಮೇಲುಗಡೆ ಸುತ್ತಲೂ ಒಂದು ಗೆರೆ ಬೆಳ್ಳಗೆ ಹೊಳೆಯಿತು. ಅಂಟು! ಒದ್ದೆ ಹತ್ತಿಯಿಂದ ಉಜ್ಜಿದರೆ ಆ ಗೆರೆ ಮುಚ್ಚಿದ್ದ ಕೆಂಗಂದು ಬಣ್ಣ ಹತ್ತಿಗೆ ಬಂತು. ಒಡೆದ ಹಳೇ ಪಾತ್ರೆಯ ತಳಕ್ಕೆ ಹೊಸ ಕುಪ್ಪಿ ಕೂರಿಸಿದ್ದಾರೆ. ವರದಿ ಸುಳ್ಳು ಹೇಳಿಲ್ಲ, ಅದು ಹೇಳಿದ್ದು ತಳದ ವಿಷಯ ಮಾತ್ರ.

ವಾಪಸ್ ಹೋದಾಗ ಅಂಗಡಿಯವನು ಬಿಲ್ ತೋರಿಸು ಅಂದ. ಅದರಲ್ಲಿ ಇದ್ದದ್ದು ‘ನೀಲಿ-ಬಿಳಿ ಪಿಂಗಾಣಿ ಕುಪ್ಪಿ, ಒಂದು’ ಅಷ್ಟೇ. ಮಿಂಗ್ ಇಲ್ಲ, ಯೋಂಗ್ಲೆ ಇಲ್ಲ, ಇಸವಿ ಇಲ್ಲ. ಕಥೆಯೆಲ್ಲ ಬಾಯಿಮಾತಿನದು. ದುಡ್ಡು ವಾಪಸ್ ಬರಲಿಲ್ಲ.

ಕೊಳ್ಳಲೇಬೇಕು ಅನ್ನುವವರು ಮೊದಲು ಅಸಲಿಯನ್ನು ಕಣ್ತುಂಬ ನೋಡಿ. ಲಂಡನ್‌ನಲ್ಲಿರುವವರಿಗೆ ಬ್ರಿಟಿಷ್ ಮ್ಯೂಸಿಯಮ್ಮಿನ 95ನೇ ಕೋಣೆಯ ಪರ್ಸಿವಲ್ ಡೇವಿಡ್ ಚೀನೀ ಪಿಂಗಾಣಿ ಸಂಗ್ರಹ ಪುಕ್ಕಟೆ. ಇಸ್ತಾಂಬುಲ್‌ಗೆ ಹೋದವರು ತೋಪ್‌ಕಾಪಿಯ ಅಡುಗೆಮನೆ ಕಟ್ಟಡ ಬಿಡಬೇಡಿ. ಅಂಗಡಿಯಲ್ಲಾದರೆ ದುಡ್ಡು ಕೊಡುವ ಮುಂಚೆ ಕಾಲ, ಆವಿಗೆಯ ಊರು, ರಿಪೇರಿ ಆಗಿದೆಯೋ ಇಲ್ಲವೋ, ನಕಲಿಯಾದರೆ ಪೂರ್ತಿ ಹಣ ವಾಪಸ್ ಅನ್ನುವುದು, ಇಷ್ಟನ್ನೂ ಬಿಲ್ಲಿನಲ್ಲೇ ಬರೆಸಿ. ಲ್ಯಾಬ್ ವರದಿ ತೋರಿಸಿದರೆ ಮಾದರಿಯನ್ನು ಎಲ್ಲಿಂದ ಕೊರೆದದ್ದು ಅಂತ ಕೇಳಿ. ಒಂದೇ ಕಡೆಯಿಂದ ಅಂದರೆ ಪಾದದಿಂದೊಂದು, ಹೊಟ್ಟೆಯಿಂದೊಂದು ಬೇಕು ಅನ್ನಿ. ಒಪ್ಪದಿದ್ದರೆ ವಾಪಸ್ ಬನ್ನಿ.