ತೋಳಿಗೆ ಅಂಟಿಸುವ ಶುಗರ್ ಸೆನ್ಸರ್: ಇನ್ಸುಲಿನ್ ಮಾಡುವ ಕೆಲಸ ಕೊನೆಗೂ ಕಣ್ಣಿಗೆ ಕಂಡಿತು

ಆರು ವರ್ಷದಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದೇನೆ. ಆದರೆ ಅದು ಒಳಗೆ ಹೋಗಿ ಯಾವಾಗ ಕೆಲಸ ಶುರು ಮಾಡುತ್ತದೆ, ಯಾವಾಗ ನಿಲ್ಲಿಸುತ್ತದೆ ಅನ್ನೋದು ಸರಿಯಾಗಿ ಗೊತ್ತಾಗಿದ್ದು ಈ ಸೆನ್ಸರ್ ಹಾಕಿಕೊಂಡ ಮೇಲೆಯೇ. ತೋಳಿನ ಹಿಂಭಾಗಕ್ಕೆ ಅಂಟಿಸುವ ಪುಟ್ಟ ಬಿಲ್ಲೆ. 14 ದಿನ ಬರುತ್ತದೆ. ಐದೈದು ನಿಮಿಷಕ್ಕೆ ಶುಗರ್ ಎಷ್ಟಿದೆ ಅಂತ ಮೊಬೈಲ್‌ಗೆ ಕಳಿಸುತ್ತದೆ. ಹಾಕುವಾಗ ನೋವು ಅಷ್ಟೇನೂ ಇಲ್ಲ.

ನಾನು ಮಾಡುತ್ತಿದ್ದ ತಪ್ಪು ಮೊದಲು ಹೇಳಿಬಿಡುತ್ತೇನೆ. ಊಟವಾಗಿ ಒಂದು ಗಂಟೆಗೆ ಬೆರಳು ಚುಚ್ಚಿ ನೋಡುವುದು, 240 ಕಂಡರೆ ಗಾಬರಿಬಿದ್ದು ಇನ್ನೆರಡು ಯೂನಿಟ್ ತೆಗೆದುಕೊಳ್ಳುವುದು, ಮೂರು ಗಂಟೆ ಕಳೆಯುವಷ್ಟರಲ್ಲಿ ಕೈ ನಡುಗಿ, ಬೆವರು ಸುರಿದು, ಶುಗರ್ 60ಕ್ಕೆ ಬಂದಿರುವುದು. ಮೊದಲ ಡೋಸೇ ಇನ್ನೂ ಕೆಲಸ ಮಾಡುತ್ತಿತ್ತು! ಊಟದ ಹೊತ್ತಿಗೆ ತೆಗೆದುಕೊಳ್ಳುವ ಇನ್ಸುಲಿನ್ ಶುರುವಾಗುವುದಕ್ಕೇ ಸುಮಾರು 15 ನಿಮಿಷ ಬೇಕು, ಒಂದೆರಡು ಗಂಟೆಯಲ್ಲಿ ಅದರ ಜೋರು, ಆಮೇಲೂ ನಾಲ್ಕು ಗಂಟೆಯ ತನಕ ಅಷ್ಟಿಷ್ಟು ಎಳೆಯುತ್ತಲೇ ಇರುತ್ತದೆ. ಗ್ರಾಫ್ ನೋಡಿದ ಡಾಕ್ಟರ್, ಊಟಕ್ಕೆ 15 ನಿಮಿಷ ಮುಂಚೆ ತೆಗೆದುಕೊಳ್ಳಿ ಅಂದರು. ಡೋಸ್ ಅದೇ, ಊಟ ಅದೇ. ಗುಡ್ಡದ ಹಾಗಿದ್ದ ಗೆರೆ ದಿಬ್ಬದಷ್ಟಕ್ಕೆ ಇಳಿಯಿತು.

ಇನ್ನೊಂದು ವಿಷಯ. ರಾತ್ರಿಯಿಡೀ ಏನೂ ತಿಂದಿಲ್ಲ, ಆದರೂ ಬೆಳಗಿನ ಜಾವ ನಾಲ್ಕಕ್ಕೆ ಗೆರೆ ಮೇಲೇರುತ್ತದೆ, ಯಾಕೆ? ಆ ಹೊತ್ತಲ್ಲಿ ಬೇರೆ ಹಾರ್ಮೋನುಗಳ ಮಾತು ಕೇಳಿ ಲಿವರ್ ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಇನ್ಸುಲಿನ್ ಅಂದರೆ ರಕ್ತದ ಸಕ್ಕರೆಯನ್ನು ಸ್ನಾಯುಗಳ ಒಳಗೆ ಸೇರಿಸುವುದಷ್ಟೇ ಅಂದುಕೊಂಡಿದ್ದೆ. ಲಿವರ್‌ಗೆ 'ಸಾಕು, ನಿಲ್ಲಿಸು' ಅನ್ನುವುದೂ ಅದರದೇ ಕೆಲಸವಂತೆ. ನಮಗೆ ಅದು ಸಾಕಷ್ಟು ಇಲ್ಲದಿದ್ದರೆ ತಡೆಯುವವರು ಯಾರು ಹೇಳಿ.

ತೊಂದರೆಗಳೂ ಇವೆ. ಇದು ಅಳೆಯುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವವನ್ನು. ಹಾಗಾಗಿ ಶುಗರ್ ಬೇಗ ಇಳಿಯುತ್ತಿದ್ದರೆ ಸೆನ್ಸರ್ ಐದು ಹತ್ತು ನಿಮಿಷ ಹಿಂದೆಯೇ ಇರುತ್ತದೆ. ನಡುಕ ಬಂದು ಮೊಬೈಲ್‌ನಲ್ಲಿ 95 ಅಂತಿದ್ದರೆ ಸುಮ್ನೆ ಕೂರಬೇಡಿ, ಬೆರಳು ಚುಚ್ಚಿ ನೋಡಿ. ಹಳೇ ಮೀಟರ್ ಎಸೆಯಲೇಬೇಡಿ. ಅಂಟು ಒಂಬತ್ತನೇ ದಿನಕ್ಕೇ ಏಳತೊಡಗಿತು, ಮೇಲೊಂದು ಟೇಪ್ ಹಾಕಿದೆ. ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ರಾತ್ರಿಯ ಅಲಾರಂ. ಆ ತೋಳಿನ ಮೇಲೆ ಒತ್ತಿ ಮಲಗಿದರೆ ಶುಗರ್ ಇಳಿದಿದೆ ಅಂತ ಸುಳ್ಳು ತೋರಿಸುತ್ತದೆ. ಮೂರು ರಾತ್ರಿ ಮನೆಯವರೆಲ್ಲ ಎದ್ದು ಕೂತಿದ್ದೆವು.

ನಾನು ಎಡಕ್ಕೆ ಮಲಗುವವನು. ಎರಡನೇ ಸೆನ್ಸರನ್ನು ಬಲತೋಳಿಗೆ ಹಾಕಿಕೊಂಡಿದ್ದೇನೆ.