ಎಎ ಮತ್ತು ಅಲ್‌ಅನಾನ್ ಮೀಟಿಂಗ್: ದೇವರಿಗೆ ಒಪ್ಪಿಸಿದ ಮೇಲೂ ಹೋಂವರ್ಕ್ ಇದೆ

ಕುಡಿತ ಬಿಡಲು ಬಯಸುವವರ ಮತ್ತು ಅವರ ಮನೆಯವರ ಮೀಟಿಂಗ್‌ಗಳ ಬಗ್ಗೆ ಇದು. ಮೊದಲು ಬೆಲೆ ಹೇಳಿಬಿಡುತ್ತೇನೆ. ಫೀಸ್ ಇಲ್ಲ. ಫಾರಂ ಇಲ್ಲ, ಆಧಾರ್ ಕೇಳುವುದಿಲ್ಲ, ಪೂರ್ತಿ ಹೆಸರೂ ಬೇಕಿಲ್ಲ. ಮೀಟಿಂಗ್‌ನಲ್ಲಿ ಒಂದು ಡಬ್ಬಿ ಸುತ್ತು ಬರುತ್ತದೆ, ಇದ್ದರೆ ಹತ್ತೋ ಇಪ್ಪತ್ತೋ ಹಾಕಬಹುದು, ಹಾಕದಿದ್ದರೆ ಯಾರೂ ಮುಖ ನೋಡುವುದಿಲ್ಲ. ಹೊರಗಿನವರ ದೇಣಿಗೆ ಬೇಡ ಅನ್ನುವುದು ಇವರ ನಿಯಮ. ಹಾಗಾಗಿ ಪ್ಲಾಸ್ಟಿಕ್ ಕುರ್ಚಿ, ಫ್ಲಾಸ್ಕಿನ ಚಹಾ, ಅಷ್ಟೇ. ಏಸಿ ಹಾಲ್ ನಿರೀಕ್ಷಿಸಬೇಡಿ.

ನಮ್ಮವರು ಎಎಗೆ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್‌ಗೆ ಹೋಗುತ್ತಾರೆ. ನಾನು ಅಲ್‌ಅನಾನ್‌ಗೆ. ಅದು ಕುಡಿಯುವವರ ಮನೆಯವರಿಗೆ. ಎಎ ಶುರುವಾಗಿದ್ದು 1935ರಲ್ಲಿ, ಅಮೆರಿಕದ ಏಕ್ರನ್ ಊರಲ್ಲಿ. ಷೇರು ವ್ಯವಹಾರದ ಬಿಲ್ ವಿಲ್ಸನ್, ಸರ್ಜನ್ ಬಾಬ್ ಸ್ಮಿತ್, ಇಬ್ಬರೂ ಕುಡಿತದಿಂದ ಕಂಗೆಟ್ಟವರು. 1951ರಲ್ಲಿ ಬಿಲ್ ಅವರ ಹೆಂಡತಿ ಲೋಯಿಸ್ ಮತ್ತು ಅವರ ಗೆಳತಿ ಸೇರಿ ಅಲ್‌ಅನಾನ್ ಕಟ್ಟಿದರು. ಗಂಡ ಕುಡಿತ ಬಿಟ್ಟ ಮೇಲೂ ಹೆಂಡತಿಯ ತಲೆ ಸರಿಹೋಗಲು ಬೇರೆ ಜಾಗ ಬೇಕು ಅಂತ ಆ ಕಾಲಕ್ಕೇ ಹೊಳೆದಿತ್ತಲ್ಲ, ನನಗೆ ಅದು ಇಷ್ಟ.

ಹೋಗುವ ಮುಂಚೆ ನನಗೆ ಒಂದೇ ಭಯ. ದೇವರು. ಕುಡಿತದಿಂದ ಹೊರಬರಲು ಇವರು ಒಂದೊಂದಾಗಿ ಪಾಲಿಸುವ 12 ಮೆಟ್ಟಿಲುಗಳನ್ನು ಓದಿದರೆ ಎಲ್ಲೆಲ್ಲೂ ದೇವರೇ. ನಮ್ಮ ಮನೆಯಲ್ಲಿ ಆ ಮಾತು ಆಗಲೇ ಬೇಕಾದಷ್ಟು ಆಗಿತ್ತು. "ಹಣೆಬರಹ, ಏನ್ ಮಾಡೋಕಾಗುತ್ತೆ", "ದೇವರು ಇಟ್ಟ ಹಾಗೆ ಇರೋಣ", "ನೀನು ಸ್ವಲ್ಪ ಅಡ್ಜಸ್ಟ್ ಮಾಡ್ಕೋ". ಗಮನಿಸಿ, ಇದನ್ನು ಹೇಳುವವರು ಯಾರೂ ರಾತ್ರಿ ಹನ್ನೊಂದಕ್ಕೆ ಗೇಟ್ ತೆಗೆಯುವವರಲ್ಲ. ಅದಕ್ಕೇ ಇದೂ ಇನ್ನೊಂದು ಸತ್ಸಂಗ ಆಗಿದ್ದರೆ ಚಹಾ ಕುಡಿದು ಎದ್ದು ಬರೋಣ ಅಂತಲೇ ಹೋಗಿದ್ದೆ.

ಆಗಲಿಲ್ಲ. ಯಾಕೆ ಅಂದರೆ ಮೆಟ್ಟಿಲುಗಳ ಸಾಲು ನೋಡಿ. ಒಂದನೆಯದು, ಕುಡಿತದ ಮುಂದೆ ನನ್ನ ಕೈ ಸಾಗುತ್ತಿಲ್ಲ ಅಂತ ಒಪ್ಪುವುದು. ಮೂರನೆಯದು ಶರಣಾಗತಿ, ನನ್ನ ಇಚ್ಛೆಯನ್ನೂ ಬದುಕನ್ನೂ ನಾನು ತಿಳಿದ ದೇವರ ಕೈಗೆ ಕೊಡುವುದು. ನಮ್ಮ ಬಂಧುಗಳಾದರೆ ಇಲ್ಲಿಗೇ ಮಂಗಳಾರತಿ ಮಾಡಿ ಎದ್ದುಬಿಡುತ್ತಿದ್ದರು. ಇಲ್ಲಿ ಆಮೇಲೆ ಇನ್ನೂ ಒಂಬತ್ತು ಮೆಟ್ಟಿಲಿವೆ, ನಿಜವಾದ ಕೆಲಸ ಶುರುವಾಗುವುದೇ ಅಲ್ಲಿ! ನಾಲ್ಕನೆಯದರಲ್ಲಿ ನನ್ನ ಗುಣದೋಷಗಳ ಲೆಕ್ಕವನ್ನು ಬಿಡದೆ ತೆಗೆಯಬೇಕು, ಪೆನ್ನು ಪೇಪರ್ ಹಿಡಿದು ಬರೆಯುತ್ತಾರೆ. ಐದರಲ್ಲಿ ಅದನ್ನು ಇನ್ನೊಬ್ಬರ ಮುಂದೆ ಹೇಳಬೇಕು. ಎಂಟರಲ್ಲಿ ಯಾರಿಗೆಲ್ಲ ತೊಂದರೆ ಕೊಟ್ಟೆ ಅಂತ ಪಟ್ಟಿ, ಒಂಬತ್ತರಲ್ಲಿ ಅವರ ಹತ್ತಿರ ಹೋಗಿ ಸರಿಪಡಿಸುವುದು, ಹಾಗೆ ಮಾಡಿದರೆ ಅವರಿಗೇ ನೋವಾಗುತ್ತದೆ ಅನ್ನುವಂತಿದ್ದರೆ ಮಾತ್ರ ಬಿಡಬಹುದು. ಸಾಲ ಇದ್ದರೆ ಸಾಲ ತೀರಿಸಬೇಕು. ದೇವರು ಬಂದು ನಿಮ್ಮ ಬದಲು ಇಎಂಐ ಕಟ್ಟುವುದಿಲ್ಲ.

ಮೇಲುಕೋಟೆ ಕಡೆಯವರಿಗೆ ಶ್ರೀವೈಷ್ಣವರ ಎರಡು ಪಂಗಡಗಳ ಹಳೇ ವಾದ ಗೊತ್ತಿರುತ್ತದೆ: ದೇವರು ಕಾಪಾಡಬೇಕಾದರೆ ನಾವೂ ಏನಾದರೂ ಮಾಡಬೇಕಾ, ಬೇಡವಾ ಅಂತ. ಬೆಕ್ಕಿನ ಮರಿ ಸುಮ್ನೆ ಇರುತ್ತದೆ, ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಕೋತಿ ಮರಿ ತಾನೇ ತಾಯಿಯ ಹೊಟ್ಟೆಯನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕು. ತೆಂಗಲೆಯವರು ಬೆಕ್ಕಿನ ಕಡೆ, ವಡಗಲೆಯವರು ಕೋತಿಯ ಕಡೆ. ನನಗೆ ಕಂಡಂತೆ ಎಎ ಮೂರನೇ ಮೆಟ್ಟಿಲಿನವರೆಗೆ ತೆಂಗಲೆ, ನಾಲ್ಕರಿಂದ ಪಕ್ಕಾ ವಡಗಲೆ.

ಅಯ್ಯಪ್ಪ ಮಾಲೆ ಹಾಕಿ 41 ದಿನ ಮುಟ್ಟದೆ, ಮಾಲೆ ತೆಗೆದ ಸಂಜೆಯೇ ಬಾರ್‌ಗೆ ಹೋಗುವವರನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ಮಾಲೆಯನ್ನು ಹೀಗಳೆಯುತ್ತಿಲ್ಲ. ಆದರೆ ಆ ವ್ರತಕ್ಕೆ ಕೊನೆಯ ದಿನಾಂಕ ಇದೆ. ಇಲ್ಲಿ ಇರುವುದು "ಇವತ್ತೊಂದು ದಿನ". ನಾಳೆ ಮತ್ತೆ ಇವತ್ತೇ.

ನಮ್ಮವರು ಒಪ್ಪಿದ್ದಕ್ಕೆ ಇದೊಂದನ್ನು ಬರೆಯುತ್ತೇನೆ. ಮಧ್ಯೆ ಒಮ್ಮೆ ಜಾರಿದರು. ಮಾರನೇ ದಿನ ಸ್ಪಾನ್ಸರ್‌ಗೆ, ಅಂದರೆ ಜೊತೆಗೆ ನಿಂತು ಮೆಟ್ಟಿಲು ಹತ್ತಿಸುವ ಹಳೇ ಸದಸ್ಯರಿಗೆ, ಫೋನ್ ಮಾಡಿ "ದೇವರ ಇಚ್ಛೆ ಹಾಗಿತ್ತೇನೋ" ಅಂದರು. ಸ್ಪಾನ್ಸರ್ ಬೈಯಲಿಲ್ಲ. "ಬಾಟಲಿ ಮುಟ್ಟೋ ಮುಂಚೆ ನನಗೊಂದು ಫೋನ್ ಮಾಡಬೇಕಿತ್ತು, ಅದು ದೇವರ ಕೆಲಸ ಅಲ್ಲ, ನಿನ್ನದು" ಅಂದರು. ನಾನು ಅಡುಗೆಮನೆಯಲ್ಲಿ ಕೇಳಿಸಿಕೊಳ್ಳುತ್ತಿದ್ದೆ, ಆ ಒಂದು ಮಾತಿಗೇ ಐದು ಸ್ಟಾರ್ ಕೊಡಬಹುದು.

ಅಲ್‌ಅನಾನ್‌ನಲ್ಲಿ ಇದೇ ಮಾತು ಮನೆಯವರಿಗೆ ತಿರುಗುತ್ತದೆ. ಈ ಕುಡಿತಕ್ಕೆ ನಾನು ಕಾರಣ ಅಲ್ಲ, ಅದನ್ನು ಹತೋಟಿಗೆ ತರಲು ನನ್ನಿಂದ ಆಗದು, ವಾಸಿ ಮಾಡಲೂ ಆಗದು. ಮೊದಲು ಕೇಳಿದಾಗ ಕೈಚೆಲ್ಲಿದ ಹಾಗೆ ಅನಿಸುತ್ತದೆ. ಆದರೆ ಅವರ ಕುಡಿತದ ಕಾವಲು ಬಿಟ್ಟ ಮೇಲೆ ನನ್ನ ಕೈಗೆ ಎಷ್ಟು ಕೆಲಸ ಬಂತು ಅಂದರೆ! ಅವರ ಮ್ಯಾನೇಜರ್‌ಗೆ "ಜ್ವರ" ಅಂತ ಫೋನ್ ಮಾಡುವುದು ನಿಂತಿತು. ನನ್ನ ಹೆಸರಲ್ಲಿ ಖಾತೆ ಆಯಿತು, ಮಕ್ಕಳ ಫೀಸ್ ಅಲ್ಲಿಂದ ಹೋಗತೊಡಗಿತು, ಅರ್ಧಕ್ಕೆ ಬಿಟ್ಟಿದ್ದ ಟೈಲರಿಂಗ್ ಮತ್ತೆ ಶುರುವಾಯಿತು. ಅವರು ಕುಡಿದರೂ ಬಿಟ್ಟರೂ ಇವೆಲ್ಲ ನಡೆಯಬೇಕಾದ್ದೇ. ಒಂದು ಎಚ್ಚರಿಕೆ: ಒಪ್ಪಿಕೊಳ್ಳುವುದು ಅಂದರೆ ಹೊಡೆತ ತಿನ್ನುವುದು ಅಲ್ಲ. ಕೈ ಎತ್ತಿದರೆ 112 ಅಥವಾ ಮಹಿಳಾ ಸಹಾಯವಾಣಿ 181, ಮೀಟಿಂಗ್ ಆಮೇಲೆ.

ಕೊರತೆಗಳೂ ಇವೆ. ಇಲ್ಲಿ ಡಾಕ್ಟರ್ ಇಲ್ಲ, ಕೌನ್ಸೆಲರ್ ಇಲ್ಲ, ಎಲ್ಲರೂ ಅನುಭವದವರು. ತುಂಬಾ ವರ್ಷ ಜಾಸ್ತಿ ಕುಡಿದವರು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಮತಿಭ್ರಮಣೆ ಆಗಬಹುದು, ಜೀವಕ್ಕೇ ಅಪಾಯ. ಆದ್ದರಿಂದ ಮೊದಲು ಆಸ್ಪತ್ರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ, ಫೋನಿನಲ್ಲಿ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ದೇವರನ್ನು ನಂಬಿ ಮಾತ್ರೆ ಬಿಡಬೇಡಿ. ಪ್ರತಿ ಗುಂಪು ಸ್ವತಂತ್ರ, ಒಂದರಲ್ಲಿ ಕನ್ನಡ, ಇನ್ನೊಂದರಲ್ಲಿ ಬರೀ ಇಂಗ್ಲಿಷ್, ಒಂದೆರಡು ಸುತ್ತಿ ನೋಡಬೇಕು. ನಾಸ್ತಿಕರಿಗೆ ಪ್ರಾರ್ಥನೆ ಕಿರಿಕಿರಿ ಅನಿಸಬಹುದು, ಗುಂಪನ್ನೇ ದೇವರು ಅಂದುಕೊಂಡು ನಡೆಸುವವರೂ ಇದ್ದಾರೆ.

ಕೆಲಸ ಮಾಡುತ್ತಾ ಅಂತ ಕೇಳುವವರಿಗೆ: ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗುವ ಕೊಕ್ರೇನ್ ಸಂಸ್ಥೆಯ 2020ರ ವರದಿ 27 ಅಧ್ಯಯನಗಳನ್ನು ನೋಡಿತ್ತು, ಅದರಲ್ಲಿ 10,565 ಜನ ಇದ್ದರು. ಜನರನ್ನು ಎಎಗೆ ಕ್ರಮಬದ್ಧವಾಗಿ ಸೇರಿಸುವ ಚಿಕಿತ್ಸೆ, ಪೂರ್ತಿ ಬಿಟ್ಟಿರುವ ವಿಷಯದಲ್ಲಿ, ಸಿಬಿಟಿಯಂಥ (ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ) ಬೇರೆ ಚಿಕಿತ್ಸೆಗಳಿಗಿಂತ ಮೇಲು ಅಂತ ಕಂಡಿತು. ಎಲ್ಲರಿಗೂ ಆಗುತ್ತದೆ ಅಂತ ಅರ್ಥ ಅಲ್ಲ.

ನನ್ನ ಲೆಕ್ಕದಲ್ಲಿ ಎಎಗೆ 4, ಅಲ್‌ಅನಾನ್‌ಗೆ 5. ಮೊದಲ ಸಲ ಹೋಗುವವರು ಓಪನ್ ಮೀಟಿಂಗ್ ಯಾವತ್ತು ಅಂತ ಕೇಳಿಕೊಂಡು ಹೋಗಿ, ಅಲ್ಲಿ ಯಾರು ಬೇಕಾದರೂ ಕೂರಬಹುದು. ಕ್ಲೋಸ್ಡ್ ಮೀಟಿಂಗ್ ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ. ಮನೆಯವರು ಅಲ್‌ಅನಾನ್‌ಗೆ ಸೇರಲು ಗಂಡನೋ ಮಗನೋ ಎಎಗೆ ಬರಬೇಕು ಅಂತೇನಿಲ್ಲ. ಅವರು ಬರಲ್ಲ ಅಂದರೂ ನೀವು ಹೋಗಬಹುದು.